ಸರ್ಕಾರದ ಆದೇಶ ರದ್ದಾದರೆ ಗೆದ್ದವರಿಗೆ ಸಿಗೋದೇನು?

ಸರ್ಕಾರದ ಒಂದು ಆದೇಶ ಕೋರ್ಟಿನಲ್ಲಿ ಬಿದ್ದುಹೋದ ದಿನ ಟಿವಿಯಲ್ಲಿ ಓಡುವ ಸಾಲುಗಳು ಗೊತ್ತೇ ಇವೆ. ‘ಹೈಕೋರ್ಟ್ ಚಾಟಿ’, ‘ಸರ್ಕಾರಕ್ಕೆ ಮುಖಭಂಗ’. ನೋಡಿದವರಿಗೆ ಅನಿಸೋದು ಇಷ್ಟು: ಸರ್ಕಾರ ತಪ್ಪು ತೀರ್ಮಾನ ಮಾಡಿತ್ತು, ಕೋರ್ಟ್ ಅದನ್ನು ಸರಿ ಮಾಡಿತು. ಕೆಲವು ತಿಂಗಳಾದ ಮೇಲೆ ಅದೇ ಇಲಾಖೆ ಅದೇ ಆದೇಶವನ್ನು ಹೊಸ ತಾರೀಖು ಹಾಕಿ ಹೊರಡಿಸಿದರೆ ಸಿಟ್ಟು ಬರುತ್ತದೆ. ಹಾಗಾದರೆ ಕೋರ್ಟಿನ ಮಾತಿಗೆ ಬೆಲೆನೇ ಇಲ್ವಾ ಅಂತ ಕೇಳುತ್ತಾರೆ.

ಬೆಲೆ ಇದೆ. ಆದರೆ ಕೋರ್ಟ್ ಹೇಳಿದ್ದೇ ಬೇರೆ. ತೀರ್ಮಾನ ಒಳ್ಳೆಯದೋ ಕೆಟ್ಟದ್ದೋ ಅಂತ ಅದು ನೋಡಿರುವುದೇ ಇಲ್ಲ. ಆ ತೀರ್ಮಾನಕ್ಕೆ ಬಂದ ದಾರಿ ಸರಿಯಿತ್ತಾ ಅಂತ ಮಾತ್ರ ನೋಡಿರುತ್ತದೆ. ದಾರಿ ಸರಿಯಿಲ್ಲ ಅಂದರೆ ಆದೇಶ ರದ್ದು. ಸರಿಯಾದ ದಾರಿಯಲ್ಲಿ ಬಂದು ಅದೇ ಜಾಗಕ್ಕೆ ತಲುಪುವುದಾದರೆ ಸರ್ಕಾರಕ್ಕೆ ಅಡ್ಡಿಯಿಲ್ಲ. ಮೇಲ್ಮನವಿಗೂ ನ್ಯಾಯಾಂಗ ಪರಿಶೀಲನೆಗೂ ಇರುವ ವ್ಯತ್ಯಾಸ ಇದೇ. ಮೇಲ್ಮನವಿಯಲ್ಲಿ ಮೇಲಿನ ಅಧಿಕಾರಿ ಕೆಳಗಿನವರ ಜಾಗದಲ್ಲಿ ಕೂತು ಹೊಸದಾಗಿ ತೀರ್ಮಾನ ಮಾಡಬಹುದು. ನ್ಯಾಯಾಂಗ ಪರಿಶೀಲನೆ ನಡೆಯೋದು ರಿಟ್ ಅರ್ಜಿಯಲ್ಲಿ, ಅಂದರೆ ಸರ್ಕಾರದ ಕ್ರಮವನ್ನು ಪ್ರಶ್ನಿಸಿ ನೇರವಾಗಿ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹಾಕುವ ಅರ್ಜಿಯಲ್ಲಿ. ಅಲ್ಲಿ ನ್ಯಾಯಾಧೀಶರು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ.

ಈ ಅಧಿಕಾರ ಬಂದಿರುವುದು ಸಂವಿಧಾನದ 226 ಮತ್ತು 32ನೇ ವಿಧಿಗಳಿಂದ. ಮೂಲಭೂತ ಹಕ್ಕಿನ ವಿಷಯಕ್ಕೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು 32 ಇದೆ. ಹೈಕೋರ್ಟಿನ 226 ಅದಕ್ಕಿಂತ ಅಗಲ, ಬೇರೆ ಯಾವುದೇ ಕಾನೂನು ಹಕ್ಕಿಗೂ ಅದು ಸಾಕು. ಸಂವಿಧಾನ ತಿದ್ದುಪಡಿ ಮಾಡಿದರೂ ಈ ಅಧಿಕಾರವನ್ನು ಕಿತ್ತುಕೊಳ್ಳಲು ಆಗುವುದಿಲ್ಲ ಅಂತ 1997ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಹೇಳಿದೆ.

ದಾರಿ ನೋಡುವುದು ಅಂದರೆ ಏನು ಅಂತ ತಿಳಿಯಲು ಹಳೆಯ ಒಂದು ಪ್ರಕರಣ ಸಾಕು. ಮುಂಬೈನ ಅಂಧೇರಿಯಲ್ಲಿ ಒಬ್ಬರು ಸಿನಿಮಾ ಮಂದಿರ ಕಟ್ಟಬೇಕಿತ್ತು. 1947ರ ಜುಲೈನಲ್ಲಿ ಪೊಲೀಸ್ ಕಮಿಷನರ್ ಅನುಮತಿ ಕೊಟ್ಟರು. ಸೆಪ್ಟೆಂಬರ್ ಕೊನೆಗೆ ಅದೇ ಕಮಿಷನರ್ ಕಚೇರಿಯಿಂದ ಇನ್ನೊಂದು ಪತ್ರ ಬಂತು. ನಿಮಗೆ ಕೊಟ್ಟ ಅನುಮತಿ ರದ್ದಾಗಿದೆ, ಹೀಗೆ ತಿಳಿಸುವಂತೆ ಸರ್ಕಾರ ನನಗೆ ನಿರ್ದೇಶನ ಕೊಟ್ಟಿದೆ ಅನ್ನೋದು ಅದರ ಸಾರ. ಅಷ್ಟೇ, ಒಂದೇ ಸಾಲಿನ ವಿಷಯ.

ಕೋರ್ಟ್ ಹಿಡಿದುಕೊಂಡಿದ್ದು ಆ ಸಾಲನ್ನೇ. ನಿಯಮದ ಪ್ರಕಾರ ಅನುಮತಿ ಕೊಡುವ, ವಾಪಸ್ ಪಡೆಯುವ ಅಧಿಕಾರ ಕಮಿಷನರ್‌ಗೆ ಸೇರಿದ್ದು. ಸರ್ಕಾರಕ್ಕಲ್ಲ. ಕಮಿಷನರ್ ತಾವೇ ಯೋಚಿಸಿ ರದ್ದು ಮಾಡಿದ್ದರೆ ಅದು ಬೇರೆ ಮಾತು. ಇಲ್ಲಿ ಅವರು ಬರೀ ಅಂಚೆಯವರ ಕೆಲಸ ಮಾಡಿದ್ದರು. ಕೇಸು ಬಿದ್ದ ಮೇಲೆ, ಇಲ್ಲ ಇಲ್ಲ, ನಾನೇ ಯೋಚಿಸಿ ರದ್ದು ಮಾಡಿದೆ ಅಂತ ಪ್ರಮಾಣಪತ್ರ ಹಾಕಿದರು. 1951ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಇದನ್ನು ಒಪ್ಪಲಿಲ್ಲ. ಸಾರ್ವಜನಿಕವಾಗಿ ಹೊರಡಿಸಿದ ಆದೇಶವನ್ನು ಅದರಲ್ಲಿರುವ ಮಾತಿನಿಂದಲೇ ಓದಬೇಕು, ಆಗ ನನ್ನ ಮನಸ್ಸಲ್ಲಿ ಇದಿತ್ತು ಅಂತ ಅಧಿಕಾರಿ ಆಮೇಲೆ ಕೊಡುವ ವಿವರಣೆಯಿಂದಲ್ಲ ಅಂದರು.

ಅದೇ 1947ರಲ್ಲಿ ಇಂಗ್ಲೆಂಡಿನಲ್ಲೂ ಒಂದು ಸಿನಿಮಾ ಕೇಸು ತೀರ್ಮಾನವಾಯಿತು. ಭಾನುವಾರದ ಪ್ರದರ್ಶನಕ್ಕೆ 15 ವರ್ಷದೊಳಗಿನ ಮಕ್ಕಳನ್ನು ಬಿಡಬಾರದು ಅಂತ ವೆಡ್ನೆಸ್‌ಬರಿ ಊರಿನ ಸ್ಥಳೀಯ ಆಡಳಿತ ಷರತ್ತು ಹಾಕಿತ್ತು. ಥಿಯೇಟರ್‌ನವರು ಕೋರ್ಟಿಗೆ ಹೋಗಿ ಸೋತರು. ತಲೆ ಸರಿಯಿರುವ ಯಾರೂ ಮಾಡದಂಥ ತೀರ್ಮಾನ ಆಗಿದ್ದರೆ ಮಾತ್ರ ನಾವು ಕೈಹಾಕುತ್ತೇವೆ, ಇದು ಅಂಥದ್ದಲ್ಲ ಅಂತ ನ್ಯಾಯಾಧೀಶರು ಹೇಳಿದರು. ಭಾರತದ ಕೋರ್ಟುಗಳು ಈಗಲೂ ‘ವೆಡ್ನೆಸ್‌ಬರಿ ತತ್ವ’ ಅಂತ ಎತ್ತಿ ಹೇಳುವುದು ಇದನ್ನೇ. ಈ ಕಾನೂನಿನ ಎರಡು ದೊಡ್ಡ ಮಾತುಗಳೂ ಒಂದೇ ವರ್ಷದ ಎರಡು ಸಿನಿಮಾ ಜಗಳಗಳಿಂದ ಬಂದಿರೋದು ತಮಾಷೆಯೇ ಸರಿ.

ಅಂಧೇರಿಯ ಮಾತನ್ನು 1977ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇನ್ನಷ್ಟು ಚುರುಕಾಗಿ ಹೇಳಿದರು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರ ಕ್ಷೇತ್ರದ ಮತದಾನವನ್ನು ಆಯೋಗ ರದ್ದು ಮಾಡಿದ ವಿಷಯ ಅದು. ಆದೇಶ ಹೊರಡಿಸಿದ ದಿನ ಕಾರಣ ಬರೆಯದೆ, ಕೋರ್ಟಿಗೆ ಬಂದ ಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ತುಂಬುವಂತಿಲ್ಲ ಅಂದರು. ದಿನ ಕಳೆದಂತೆ ರುಚಿ ಹೆಚ್ಚಲು ಆದೇಶ ಏನು ಹಳೆಯ ವೈನ್ ಅಲ್ಲ ಅನ್ನೋದು ಅವರ ಹೋಲಿಕೆ. ಇವತ್ತಿಗೂ ಹೈಕೋರ್ಟಿನಲ್ಲಿ ಸರ್ಕಾರಿ ವಕೀಲರು ಹೊಸ ವಾದ ತೆಗೆದರೆ ಎದುರು ವಕೀಲರು ಮೊದಲು ಎತ್ತುವುದು ಈ ತೀರ್ಪನ್ನೇ.

ಇಷ್ಟೆಲ್ಲ ಆಗಿ ಎಷ್ಟೋ ವರ್ಷ ಕಳೆದಿದೆ. ನಮ್ಮ ಕಚೇರಿಗಳಿಂದ ಬರುವ ಹಿಂಬರಹ ಮಾತ್ರ ಹೀಗೇ ಇರುತ್ತದೆ: ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ನಿಯಮಾನುಸಾರ ಪರಿಗಣಿಸಲು ಅವಕಾಶವಿರುವುದಿಲ್ಲ.’ ಯಾವ ನಿಯಮ? ಯಾರು ಪರಿಶೀಲಿಸಿದರು? ಏನು ನೋಡಿದರು? ಒಂದೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆ ಅಂದ ಕೂಡಲೇ ನಮಗೆ ಅರ್ಜಿ ಹಾಕೋದು ನೆನಪಾಗುತ್ತದೆ. ಆದರೆ ಆ 2005ರ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ತೀರ್ಮಾನದಿಂದ ತೊಂದರೆಗೆ ಒಳಗಾದವರಿಗೆ ಅದರ ಕಾರಣವನ್ನು ಕಚೇರಿ ತಾನಾಗಿಯೇ ಕೊಡಬೇಕು. ಕೇಳಿದರೆ ಕೊಡಬೇಕು ಅಂತಲ್ಲ, ಕೊಡಲೇಬೇಕು. ಈ ಸಾಲನ್ನು ಪಾಲಿಸುವ ಕಚೇರಿಗಳನ್ನು ಹುಡುಕಬೇಕು.

ಕಾರಣ ಬರೆಯುವುದು ಯಾಕೆ ಅಷ್ಟು ಮುಖ್ಯ? ಬರೆದ ಕಾರಣವನ್ನು ಪ್ರಶ್ನಿಸಬಹುದು. ಬರೆಯದ ಕಾರಣವನ್ನು ಊಹಿಸಬೇಕು. ಅಧಿಕಾರಿಗೆ ಅಧಿಕಾರ ಇತ್ತಾ, ಬೇರೆಯವರ ಮಾತು ಕೇಳಿ ಮಾಡಿದರಾ, ನೋಡಬೇಕಾದ್ದನ್ನು ನೋಡಿದರಾ, ಎದುರಿನವರ ಮಾತು ಕೇಳಿದರಾ, ದ್ವೇಷ ಇತ್ತಾ, ಸಣ್ಣ ತಪ್ಪಿಗೆ ಭಾರೀ ಶಿಕ್ಷೆ ಕೊಟ್ಟರಾ... ಕೋರ್ಟ್ ಕೇಳುವ ಈ ಎಲ್ಲ ಪ್ರಶ್ನೆಗೂ ಉತ್ತರ ಫೈಲಿನ ಟಿಪ್ಪಣಿ ಹಾಳೆಯಲ್ಲೇ ಇರಬೇಕು.

ಪಕ್ಷಪಾತದ ಪ್ರಶ್ನೆ ಎಷ್ಟು ಸೂಕ್ಷ್ಮವಾಗಿರಬಹುದು ಅನ್ನೋದಕ್ಕೆ 1969ರ ಕ್ರೈಪಾಕ್ ಪ್ರಕರಣ ನೋಡಿ. ಜಮ್ಮು ಮತ್ತು ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿ. ಆ ಮಂಡಳಿಯಲ್ಲಿ ಕೂತಿದ್ದ ಒಬ್ಬ ಅಧಿಕಾರಿ ತಾವೂ ಅಭ್ಯರ್ಥಿ! ತಮ್ಮ ಹೆಸರು ಬಂದಾಗ ಅವರು ಎದ್ದು ಹೊರಗೆ ಹೋದರು. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ದರು. ಪಟ್ಟಿಯಲ್ಲಿ ಮೊದಲು ಬಂದದ್ದೂ ಅವರದೇ ಹೆಸರು. ಉಳಿದ ಸದಸ್ಯರು, ಅವರು ನಮ್ಮ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲ ಅಂದರೂ ಕೋರ್ಟ್ ಕೇಳಲಿಲ್ಲ. ಪಕ್ಷಪಾತ ಆಗಿದೆ ಅಂತ ಸಾಬೀತಾಗಬೇಕಿಲ್ಲ, ಆಗಿರಬಹುದು ಅನ್ನುವ ಸಕಾರಣ ಅನುಮಾನ ಸಾಕು ಅಂತ ಆಯ್ಕೆಯನ್ನೇ ರದ್ದು ಮಾಡಿತು. ಕೋರ್ಟಿನಂತೆ ವಿಚಾರಣೆ ನಡೆಸುವ ಕಡೆ ಮಾತ್ರವಲ್ಲ, ಬರೀ ಆಡಳಿತದ ತೀರ್ಮಾನದಲ್ಲೂ ಸಹಜ ನ್ಯಾಯ (ಎದುರಿನವರ ಮಾತು ಕೇಳಬೇಕು, ತನ್ನ ವಿಷಯಕ್ಕೆ ತಾನೇ ತೀರ್ಪುಗಾರ ಆಗಬಾರದು) ಪಾಲಿಸಬೇಕು ಅನ್ನೋದು ಭಾರತದಲ್ಲಿ ಗಟ್ಟಿಯಾಗಿ ನಿಂತಿದ್ದು ಈ ತೀರ್ಪಿನಿಂದ.

ನೀತಿ ಮತ್ತು ಟೆಂಡರ್ ವಿಷಯಕ್ಕೆ ಬಂದರೆ ಕೋರ್ಟ್ ಇನ್ನೂ ಹಿಂದೆ ನಿಲ್ಲುತ್ತದೆ. ಮಹಾನಗರಗಳಲ್ಲಿ ಮೊಬೈಲ್ ಸೇವೆಯ ಲೈಸೆನ್ಸ್ ಕೊಟ್ಟ ಬಗ್ಗೆ 1994ರಲ್ಲಿ ಬಂದ ಟಾಟಾ ಸೆಲ್ಯುಲರ್ ತೀರ್ಪು ಈ ಗಡಿಯನ್ನು ಹಾಕಿಕೊಟ್ಟಿತು. ಯಾವ ಕಂಪನಿ ಒಳ್ಳೆಯದು ಅಂತ ತೂಗಿ ನೋಡುವ ಪರಿಣತಿ ನಮ್ಮದಲ್ಲ, ತೂಗಿದ ರೀತಿಯನ್ನಷ್ಟೇ ನೋಡುತ್ತೇವೆ ಅನ್ನೋದು ಅದರ ನಿಲುವು.

ಹಾಗಿದ್ದರೂ 2012ರ ಫೆಬ್ರುವರಿ 2ರಂದು 2ಜಿಯ 122 ಲೈಸೆನ್ಸ್ ಒಟ್ಟಿಗೆ ರದ್ದಾದವು. ಯಾಕೆ? ಅರ್ಜಿ ಹಾಕಲು 2007ರ ಅಕ್ಟೋಬರ್ 1ರವರೆಗೆ ಸಮಯ ಅಂತ ದೂರಸಂಪರ್ಕ ಇಲಾಖೆಯವರು ಮೊದಲು ಹೇಳಿದ್ದರು. 2008ರ ಜನವರಿ 10ರಂದು, ಸೆಪ್ಟೆಂಬರ್ 25ರವರೆಗೆ ಬಂದ ಅರ್ಜಿಗಳನ್ನು ಮಾತ್ರ ಪರಿಗಣಿಸುತ್ತೇವೆ ಅಂತ ಪ್ರಕಟಿಸಿದರು. ಅದೇ ದಿನ ಮಧ್ಯಾಹ್ನ ಇನ್ನೊಂದು ಪ್ರಕಟಣೆ ಬಂತು. 3.30ರಿಂದ 4.30ರೊಳಗೆ ಕಚೇರಿಗೆ ಬಂದು ಪತ್ರ ತಗೊಳ್ಳಿ! ಮೊದಲೇ ಸುಳಿವು ಸಿಕ್ಕವರು ಡಿಮಾಂಡ್ ಡ್ರಾಫ್ಟ್ ಮಾಡಿಸಿಟ್ಟುಕೊಂಡು ಬಂದಿದ್ದರು. ಇಲ್ಲಿ ನೀತಿಯ ಗುಣ ಅಳೆಯುವ ಅಗತ್ಯವೇ ಇರಲಿಲ್ಲ. ಆಟ ಶುರುವಾದ ಮೇಲೆ ನಿಯಮ ಬದಲಾಯಿಸಿದ್ದು ಕಣ್ಣಿಗೆ ರಾಚುತ್ತಿತ್ತು.

ಮುಂದೆ ಆದದ್ದನ್ನೂ ಗಮನಿಸಿ. ಹರಾಜೇ ಸರಿಯಾದ ದಾರಿ ಅಂತ ಆ ತೀರ್ಪು ಹೇಳಿತ್ತು. ಹಾಗಾದರೆ ಇನ್ನು ಮುಂದೆ ಎಲ್ಲ ಸಂಪನ್ಮೂಲಕ್ಕೂ ಹರಾಜೇ ಆಗಬೇಕಾ ಅಂತ ರಾಷ್ಟ್ರಪತಿಯವರ ಮೂಲಕ ಸರ್ಕಾರ ಕೇಳಿತು. ಹಾಗೇನಿಲ್ಲ ಅಂತ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. 2017ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಕ್ರಿಮಿನಲ್ ಕೇಸಿನ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಲೈಸೆನ್ಸ್ ರದ್ದಾಗಿದೆ, ಆದರೆ ಅಪರಾಧಿ ಯಾರೂ ಇಲ್ಲ. ಇದನ್ನು ವಿಚಿತ್ರ ಅಂದವರೇ ಜಾಸ್ತಿ. ವಿಚಿತ್ರವೇನಲ್ಲ. ತೀರ್ಮಾನ ಕಾನೂನಿನಂತೆ ಆಗಿದೆಯೇ ಅನ್ನೋದು ಒಂದು ಪ್ರಶ್ನೆ, ಯಾರಾದರೂ ಲಂಚ ತಿಂದದ್ದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆಯೇ ಅನ್ನೋದು ಇನ್ನೊಂದು.

ಅಧಿಕಾರ ಇರುವವರೇ ಯೋಚಿಸಿ ತೀರ್ಮಾನ ಮಾಡಿದರಾ ಅನ್ನುವ ಅಂಧೇರಿಯ ಪ್ರಶ್ನೆ ದೊಡ್ಡ ಮಟ್ಟದಲ್ಲಿ ಮತ್ತೆ ಎದ್ದಿದ್ದು ನೋಟು ರದ್ದತಿಯಲ್ಲಿ. ರಿಸರ್ವ್ ಬ್ಯಾಂಕ್ ಕಾಯ್ದೆಯ 26(2) ಸೆಕ್ಷನ್ ಪ್ರಕಾರ, ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಿದರೆ ಸರ್ಕಾರ ನೋಟಿನ ಮಾನ್ಯತೆ ತೆಗೆಯಬಹುದು. 2016ರ ನವೆಂಬರ್ 7ರಂದು ಸರ್ಕಾರವೇ ಬ್ಯಾಂಕಿಗೆ ಪತ್ರ ಬರೆಯಿತು. 8ರ ಸಂಜೆ 5.30ಕ್ಕೆ ಮಂಡಳಿ ಸಭೆ. ರಾತ್ರಿ 8ಕ್ಕೆ ಪ್ರಧಾನಿ ಟಿವಿಯಲ್ಲಿ. 2023ರ ಜನವರಿ 2ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಇದನ್ನು ಎತ್ತಿಹಿಡಿದರು. ಅದಕ್ಕೆ ಮೊದಲು ಆರು ತಿಂಗಳು ಸರ್ಕಾರ ಮತ್ತು ಬ್ಯಾಂಕಿನ ನಡುವೆ ಮಾತುಕತೆ ನಡೆದಿತ್ತು, ಆದ್ದರಿಂದ ದಾರಿ ಸರಿಯಿದೆ ಅಂದರು. ನಮ್ಮ ರಾಜ್ಯದಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಲಿಲ್ಲ. ಅವರು ಕಡತದ ಭಾಷೆಯನ್ನೇ ಎತ್ತಿ ತೋರಿಸಿದರು. ಬ್ಯಾಂಕಿನ ದಾಖಲೆಯಲ್ಲಿ ‘ಕೇಂದ್ರ ಸರ್ಕಾರದ ಅಪೇಕ್ಷೆಯಂತೆ’ ಅಂತ ಇತ್ತು. ಅಂದರೆ ಬ್ಯಾಂಕ್ ಸ್ವತಂತ್ರವಾಗಿ ಯೋಚಿಸಿಲ್ಲ, ಸರ್ಕಾರಕ್ಕೇ ನೋಟು ರದ್ದು ಮಾಡಬೇಕಿದ್ದರೆ ಅದು ಕಾನೂನು ತರಬೇಕಿತ್ತು ಅನ್ನೋದು ಅವರ ವಾದ. 1947ರ ಆ ಕಮಿಷನರ್ ಪತ್ರವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನನಗಂತೂ ಭಿನ್ನ ತೀರ್ಪೇ ಗಟ್ಟಿ ಅನಿಸುತ್ತದೆ.

ಆದರೆ ಭಿನ್ನ ತೀರ್ಪೇ ಬಹುಮತ ಆಗಿದ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆರು ವರ್ಷದ ಹಿಂದಿನ ಕ್ರಮವನ್ನು ಈಗ ವಾಪಸ್ ತಿರುಗಿಸಲು ಆಗದು ಅಂತ ನಾಗರತ್ನ ಅವರೇ ಬರೆದಿದ್ದಾರೆ.

ಈ ವ್ಯವಸ್ಥೆಯ ನಿಜವಾದ ಬಡತನ ಇರೋದು ಇಲ್ಲಿ. ತತ್ವಕ್ಕೆ ಬರವಿಲ್ಲ, ಸಮಯಕ್ಕೆ ಬರ. ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರದನ್ನೇ ತಗೊಳ್ಳಿ. 1989ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಬೆಂಬಲ ವಾಪಸ್ ಪಡೆದಿದ್ದೇವೆ ಅನ್ನುವ 19 ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲರ ಕೈಗೆ ಹೋದವು. ಅವರಲ್ಲಿ ಏಳು ಜನ, ನಮ್ಮ ಸಹಿಯನ್ನು ತಪ್ಪು ಹೇಳಿ ಹಾಕಿಸಿಕೊಂಡಿದ್ದಾರೆ ಅಂತ ತಿರುಗಿ ಬರೆದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಹೇಳಿದರು. ಅದಕ್ಕೆ ಅವಕಾಶ ಕೊಡದೆ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಇದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ 1989ರಲ್ಲೇ ಚುನಾವಣೆ ಮುಗಿದು ಬೇರೆ ಪಕ್ಷ ಅಧಿಕಾರಕ್ಕೆ ಬಂದಿತ್ತು. ಬಹುಮತ ಸಾಬೀತಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಅನ್ನುವ ನಿಯಮ ದೇಶಕ್ಕೆ ಸಿಕ್ಕಿತು. ಅರ್ಜಿದಾರರಿಗೆ ಕುರ್ಚಿ ಸಿಗಲಿಲ್ಲ.

ಮೇನಕಾ ಗಾಂಧಿ ಪ್ರಕರಣದ ಕೊನೆಯೂ ಎಷ್ಟೋ ಜನಕ್ಕೆ ಗೊತ್ತಿಲ್ಲ. 1977ರ ಜುಲೈನಲ್ಲಿ ಪಾಸ್‌ಪೋರ್ಟ್ ಕಚೇರಿಯಿಂದ ಅವರಿಗೆ ಪತ್ರ ಬಂತು. ‘ಸಾರ್ವಜನಿಕ ಹಿತಾಸಕ್ತಿ’ಯಿಂದ ನಿಮ್ಮ ಪಾಸ್‌ಪೋರ್ಟ್ ಜಪ್ತಿ ಮಾಡುತ್ತಿದ್ದೇವೆ, ಏಳು ದಿನದಲ್ಲಿ ತಂದು ಒಪ್ಪಿಸಿ. ಕಾರಣ ಏನು ಅಂತ ಕೇಳಿದರೆ, ಕಾರಣ ಹೇಳದಿರುವುದೇ ಸಾರ್ವಜನಿಕ ಹಿತ ಅಂತ ಉತ್ತರ. 1978ರ ಜನವರಿ 25ರ ತೀರ್ಪು ವೈಯಕ್ತಿಕ ಸ್ವಾತಂತ್ರ್ಯದ ಅರ್ಥವನ್ನೇ ಬದಲಾಯಿಸಿತು. ಆದರೆ ಅವತ್ತು ಪಾಸ್‌ಪೋರ್ಟ್ ಅವರ ಕೈಗೆ ಬರಲಿಲ್ಲ. ಅವರ ಮಾತು ಕೇಳಿ ಮತ್ತೆ ತೀರ್ಮಾನ ಮಾಡುತ್ತೇವೆ ಅಂತ ಸರ್ಕಾರ ಭರವಸೆ ಕೊಟ್ಟಿತು. ಬಹುಮತದ ನ್ಯಾಯಾಧೀಶರು ಅಷ್ಟಕ್ಕೆ ಬಿಟ್ಟರು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಕೋರ್ಟಿನ ರಿಜಿಸ್ಟ್ರಾರ್ ಬಳಿ.

ಮೊದಲು ಆದೇಶ, ಆಮೇಲೆ ವಿಚಾರಣೆ ಅನ್ನುವ ಈ ಏರ್ಪಾಡನ್ನು ಕೋರ್ಟುಗಳು ಆಮೇಲೂ ಒಪ್ಪಿಕೊಂಡಿವೆ. ತುರ್ತು ಇದ್ದಾಗ ಸರಿ. ಉಳಿದ ಕಡೆ ಅದು ಬರೀ ಶಾಸ್ತ್ರ ಆಗಿಬಿಡುತ್ತದೆ. ಒಮ್ಮೆ ಸಹಿ ಹಾಕಿದ ಅಧಿಕಾರಿ ಎದುರಿಗೆ ಬಂದವರ ಮಾತು ಕೇಳಿ ಮನಸ್ಸು ಬದಲಾಯಿಸೋದು ಅಪರೂಪ, ಅಲ್ವಾ?

ಹಾಗಾಗಿ ವಕೀಲರ ಮಟ್ಟಿಗೆ ನಿಜವಾದ ಹೋರಾಟ ಅಂತಿಮ ತೀರ್ಪಿನ ದಿನ ನಡೆಯುವುದೇ ಇಲ್ಲ. ಅದು ಮೊದಲ ದಿನ, ಸ್ಟೇ ಕೇಳುವಾಗಲೇ ನಡೆಯುತ್ತದೆ. ಸ್ಟೇ ಸಿಕ್ಕರೆ ಸರ್ಕಾರ ಮಾತುಕತೆಗೆ ಬರುತ್ತದೆ. ಸಿಗದಿದ್ದರೆ ಮನೆ ಬಿದ್ದಿರುತ್ತದೆ, ಟೆಂಡರ್ ಕೆಲಸ ಮುಗಿದಿರುತ್ತದೆ, ಪರೀಕ್ಷೆ ನಡೆದು ನೇಮಕಾತಿ ಆಗಿರುತ್ತದೆ. ಇದರ ಇನ್ನೊಂದು ಮುಖವೂ ಸುಳ್ಳಲ್ಲ. ಸುಮ್ನೆ ಒಂದು ಸ್ಟೇ ತಂದು ರಸ್ತೆ ಕೆಲಸವನ್ನೋ ಒತ್ತುವರಿ ತೆರವನ್ನೋ ವರ್ಷಗಟ್ಟಲೆ ನಿಲ್ಲಿಸಿದವರೂ ಇದ್ದಾರೆ. ಕೋರ್ಟಿಗೆ ಹೆದರಿ ಅಧಿಕಾರಿಗಳು ಫೈಲಿಗೆ ಸಹಿಯೇ ಹಾಕಲ್ಲ ಅಂತ ಸರ್ಕಾರದವರು ದೂರುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಎರಡು ಪ್ಯಾರಾ ಕಾರಣ ಬರೆದು ಸಹಿ ಹಾಕಿದ ಅಧಿಕಾರಿಗೆ ಈ ಹೆದರಿಕೆ ಅಷ್ಟಾಗಿ ಬೇಕಿಲ್ಲ. ಕಾರಣ ತನಗೆ ಒಪ್ಪಿಗೆ ಆಗದಿದ್ದರೂ ಅದು ಯೋಚಿಸಿ ಬರೆದದ್ದು ಅನಿಸಿದರೆ ಕೋರ್ಟ್ ಸಾಮಾನ್ಯವಾಗಿ ಕೈಹಾಕಲ್ಲ.

ಕಾರಣ ಕೊಡದೆ ತಪ್ಪಿಸಿಕೊಳ್ಳುವ ಹೊಸ ದಾರಿ ಮುಚ್ಚಿದ ಲಕೋಟೆ. ಮೀಡಿಯಾ ಒನ್ ಅನ್ನುವ ಮಲಯಾಳಂ ಚಾನೆಲ್‌ಗೆ 2022ರ ಜನವರಿಯಲ್ಲಿ ಕೇಂದ್ರ ಸರ್ಕಾರದವರು ಪರವಾನಗಿ ನವೀಕರಣ ನಿರಾಕರಿಸಿದರು. ಭದ್ರತಾ ಅನುಮತಿ ಇಲ್ಲ, ಅಷ್ಟೇ. ಯಾಕಿಲ್ಲ ಅನ್ನೋದನ್ನು ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ತೋರಿಸಿದರು. ಕೇರಳ ಹೈಕೋರ್ಟ್ ಲಕೋಟೆ ನೋಡಿ ಸರ್ಕಾರದ ಪರ ನಿಂತಿತು. ಚಾನೆಲ್‌ನ ವಕೀಲರು ಏನನ್ನು ಅಲ್ಲಗಳೆಯಬೇಕು ಅಂತಲೇ ತಿಳಿಯದೆ ವಾದಿಸಬೇಕಾಯಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ರಾಷ್ಟ್ರೀಯ ಭದ್ರತೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಅದಕ್ಕೆ ಆಧಾರ ಬೇಕು ಅಂದಿತು.

ಸಾಮಾನ್ಯರ ಮಟ್ಟಿಗೆ ಕೆಲಸಕ್ಕೆ ಬರುವ ವಿಷಯ ಇಷ್ಟು. ಕಾಯ್ದೆಯಲ್ಲೇ ಮೇಲ್ಮನವಿಗೆ ದಾರಿ ಇದ್ದರೆ ಹೈಕೋರ್ಟ್ ಮೊದಲು ಅಲ್ಲಿಗೆ ಹೋಗಿ ಅನ್ನುತ್ತದೆ. ಅಧಿಕಾರವೇ ಇಲ್ಲದವರು ಆದೇಶ ಮಾಡಿದ್ದರೆ ಅಥವಾ ನೋಟಿಸೇ ಕೊಟ್ಟಿಲ್ಲದಿದ್ದರೆ ನೇರವಾಗಿ ಬರಬಹುದು. ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯ ಮೊದಲು ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬೇಕು. ರಿಟ್‌ಗೆ ಇಷ್ಟೇ ದಿನ ಅಂತ ಗಡುವಿಲ್ಲ. ಆದರೆ ತಡ ಮಾಡಿದಷ್ಟೂ ಕೋರ್ಟಿಗೆ ಮನಸ್ಸು ಬರಲ್ಲ. ‘ಮೂರು ತಿಂಗಳಲ್ಲಿ ಪರಿಗಣಿಸಿ’ ಅಂತ ಆದೇಶ ಸಿಕ್ಕಿ, ಆ ಮೂರು ತಿಂಗಳೂ ಸುಮ್ಮನೆ ಕಳೆದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಅದಕ್ಕೆ ಒಂದು ವರ್ಷದ ಗಡುವಿದೆ. ಸರ್ಕಾರ ಕೋರ್ಟಿನ ಮಾತನ್ನು ನಿಜವಾಗಿ ಓದುವುದು ಎಷ್ಟೋ ಸಲ ಆ ಅರ್ಜಿ ಬಿದ್ದ ಮೇಲೆಯೇ.

ಸಮಯದ ಸಮಸ್ಯೆಗೆ ಸುಪ್ರೀಂ ಕೋರ್ಟ್ ನೇರವಾಗಿ ಕೈಹಾಕಿದ್ದು 2024ರ ನವೆಂಬರ್ 13ರಂದು, ಬುಲ್ಡೋಜರ್ ತೀರ್ಪಿನಲ್ಲಿ. ಆರೋಪ ಬಂದ ಮಾರನೇ ದಿನವೇ ಆರೋಪಿಯ ಮನೆ ಕೆಡವುವ ಚಾಳಿ ಕೆಲವು ರಾಜ್ಯಗಳಲ್ಲಿ ಶುರುವಾಗಿತ್ತು. ಕಾಗದದಲ್ಲಿ ಮಾತ್ರ ಅದು ‘ಅನಧಿಕೃತ ಕಟ್ಟಡ ತೆರವು’. ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಈ ಕಾಗದದ ಆಟ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡೇ ನಿಯಮ ಬರೆದಂತಿದೆ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಹೋಗಬೇಕು, ಕಟ್ಟಡಕ್ಕೂ ಅಂಟಿಸಬೇಕು, ಕಡಿಮೆ ಅಂದರೆ 15 ದಿನ ಕೊಡಬೇಕು. ನೋಟಿಸ್ ಹೋದ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು, ಅಲ್ಲಿಂದ ತಾನಾಗಿಯೇ ಉತ್ತರ ಬರಬೇಕು. ಹಳೆಯ ತಾರೀಖು ಹಾಕಿ ನೋಟಿಸ್ ಸೃಷ್ಟಿಸುವುದನ್ನು ತಡೆಯಲು ಇದು. ಕೆಡವಲು ಆದೇಶವಾದ ಮೇಲೂ ಇನ್ನೊಂದು 15 ದಿನ ಕಾಯಬೇಕು. ಕೆಡವುವುದನ್ನು ವಿಡಿಯೊ ಮಾಡಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ನದಿ ಪಾತ್ರ ಇಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ಈ ವಿನಾಯಿತಿಯೇ ಮುಂದೆ ಜಗಳದ ಮೂಲ ಆಗಬಹುದು. ಯಾವುದು ರಸ್ತೆ, ಯಾವುದು ಅಲ್ಲ ಅಂತ ಹೇಳುವವರೂ ಅದೇ ಅಧಿಕಾರಿಗಳು ತಾನೇ?

ನಿಯಮ ಮೀರಿದರೆ ಕೆಡವಿದ್ದನ್ನು ಮತ್ತೆ ಕಟ್ಟಿಕೊಡುವ ಖರ್ಚು ಅಧಿಕಾರಿಯ ಸ್ವಂತ ಜೇಬಿನಿಂದ ಅಂತಲೂ ಆ ತೀರ್ಪಿನಲ್ಲಿದೆ. ಇದಾಗಿ ಐದು ತಿಂಗಳೊಳಗೆ, 2025ರ ಏಪ್ರಿಲ್ 1ರಂದು ಪ್ರಯಾಗ್‌ರಾಜ್‌ನ ಹಳೆಯ ಪ್ರಕರಣ ಒಂದು ತೀರ್ಮಾನವಾಯಿತು. 2021ರ ಮಾರ್ಚ್‌ನಲ್ಲಿ ಅಲ್ಲಿ ಸರಿಯಾಗಿ ನೋಟಿಸ್ ತಲುಪಿಸದೆ, ಗೋಡೆಗೆ ಅಂಟಿಸಿ ಮನೆಗಳನ್ನು ಕೆಡವಿದ್ದರು. ನ್ಯಾಯಮೂರ್ತಿ ಎ.ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಮನೆ ಕಳೆದುಕೊಂಡ ಅರ್ಜಿದಾರರಿಗೆ ತಲಾ 10 ಲಕ್ಷ ರೂಪಾಯಿ ಕೊಡಿಸಿದರು. ಪರಿಶೀಲನೆಗೆ ಬಂದವರಿಗೆ ಬರೀ ‘ಮತ್ತೆ ಪರಿಗಣಿಸಿ’ ಅನ್ನುವ ಕಾಗದದ ಬದಲು ಹಣ ಸಿಕ್ಕಿದ್ದು ದೊಡ್ಡ ವಿಷಯವೇ. ಆದರೆ ಕೊಡಬೇಕಾದದ್ದು ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ. ಅಂದರೆ ಸಾರ್ವಜನಿಕರ ದುಡ್ಡು. ನೋಟಿಸ್‌ಗೆ ಸಹಿ ಹಾಕಿದವರ ಸಂಬಳದಿಂದ ಒಂದು ರೂಪಾಯಿಯನ್ನೂ ಆ ಆದೇಶ ಕೇಳಿಲ್ಲ.